ಬಣ್ಣ ಹೋದ ಅಂಗಳದ ಕಬ್ಬಿಣದ ಖುರ್ಚಿಗೆ ಸ್ಪ್ರೇ ಪೇಂಟ್: ನನ್ನ ಅನುಭವ

ಹೊರಗ ಇಟ್ಟ ಕಬ್ಬಿಣದ ಖುರ್ಚಿ ಟೇಬಲ್ಲಿಗೆ ಸ್ಪ್ರೇ ಹೊಡಿಬೇಕು ಅಂತ ಮನಸ್ಸು ಮಾಡಿದ್ರ ಮದ್ಲ ಬಣ್ಣದ ಅಂಗಡಿಗೆ ಓಡಬ್ಯಾಡ್ರಿ, ಖುರ್ಚಿ ಬೋರಲ ಹಾಕಿ ಅದರ ತಳ ನೋಡ್ರಿ. ಮ್ಯಾಲಿನ ಬಣ್ಣ ಬಿಸಲಿಗೆ ಹೋಗಿರ್ತೈತಿ, ನೋಡಾಕ ಕೆಟ್ಟ ಕಾಣ್ತೈತಿ ಅಷ್ಟ, ಆದ್ರ ಖುರ್ಚಿ ಹಾಳಾಗೋದು ತಳದಿಂದ. ವೆಲ್ಡಿಂಗ್ ಸಂದಿ, ಸೀಟಿನ ಕೆಳಗಿನ ಪಟ್ಟಿ, ಕಾಲಿನ ತುದಿ, ಈ ಮೂರು ಜಾಗದಾಗ ನೀರು ನಿಂತು ನಿಂತು ಜಂಗು ಹಿಡದಿರ್ತೈತಿ, ನಾವು ಮಾತ್ರ ಮ್ಯಾಲಿನ ಕಲರ್ ಯಾವುದು ಹಚ್ಚೂಣು ಅಂತ ವಿಚಾರ ಮಾಡ್ತಿರ್ತೀವಿ.

ನಮ್ಮನಿ ಧಾರವಾಡದಾಗ. ಮುಂದಿನ ಅಂಗಳದಾಗ ಒಂದು ಗುಂಡ ಟೇಬಲ್, ನಾಕು ಖುರ್ಚಿ, ಎಲ್ಲಾ ಪೈಪು ಸಳಿ ಬಗ್ಗಿಸಿ ಬೆಸಗಿ ಹಾಕಿದ್ದು. ಕಡು ಹಸರ ಇದ್ದದ್ದು ಬೂದಿ ಬಣ್ಣಕ್ಕ ಬಂದಿತ್ತು, ಕುಂತು ಎದ್ರ ಸೀರಿಗೆ ಸುಣ್ಣದ ಗ್ವಾಡಿಗೆ ಆತಂಗ ಬೆಳ್ಳಗ ಹುಡಿ ಹತ್ತತಿತ್ತು. ಗುಜರಿಗೆ ಹಾಕೂಣು ಅಂತ ಮನ್ಯಾಗ ಮಾತು ಬಂದಾಗ ನಮ್ಮ ಅತ್ತಿಯವರು "ಇಷ್ಟ ಗಟ್ಟಿ ಸಾಮಾನ ಈಗ ಎಲ್ಲಿ ಸಿಗ್ತಾವ, ಮಾರಬ್ಯಾಡವಾ" ಅಂದ್ರು, ನನಗೂ ಅದ ಖರೇ ಅನಿಸ್ತು. ಆ ಹುಡಿ ಧೂಳಲ್ಲ, ಹಳೇ ಬಣ್ಣನ ಅದು. ಬಿಸಲಿನ ಯುವಿ ಕಿರಣ ಬಣ್ಣದೊಳಗಿನ ಅಂಟನ್ನ ಒಡದು ಹಾಕ್ತಾವ, ಅಂಟು ಹೋದ ಮ್ಯಾಲೆ ಬರೇ ಬಣ್ಣದ ಪುಡಿ ಉಳಿತೈತಿ. ಅದನ್ನ ತೊಳಿಲಾರ್ದ ಸ್ಪ್ರೇ ಹೊಡದ್ರ ಹೊಸಾ ಬಣ್ಣ ಆ ಪುಡಿಗೆ ಅಂಟ್ಕೊಂಡು ಕುಂಡ್ರತೈತಿ, ಕಬ್ಬಿಣಕ್ಕಲ್ಲ, ಒಂದ ಮಳಿಗಾಲದಾಗ ಹಕ್ಕಳಿ ಏಳ್ತೈತಿ.

ಇನ್ನೊಂದು, ಮ್ಯಾಗ್ನೆಟ್ ಹಚ್ಚಿ ನೋಡ್ರಿ. ಹಿಡಿದ್ರ ಕಬ್ಬಿಣ, ಹಿಡಿಲಿಲ್ಲಂದ್ರ ಹೆಚ್ಚು ಕಮ್ಮಿ ಅಲ್ಯುಮಿನಿಯಂ. ರೆಡ್ ಆಕ್ಸೈಡ್ ಅಂದ್ರ ಕಬ್ಬಿಣಕ್ಕ ಜಂಗು ಹಿಡಿಲಾರ್ದಂಗ ಬಣ್ಣದ ಕೆಳಗ ಹಚ್ಚೋ ಕೆಂಪು ಪ್ರೈಮರ್, ಮದ್ಲಿನ ಪದರು; ಅಲ್ಯುಮಿನಿಯಮ್ಮಿಗೆ ಅದನ್ನ ಹಚ್ಚೋದ್ರಾಗ ಅರ್ಥ ಇಲ್ಲ, ಅದಕ್ಕ ಎಚ್ (etch) ಪ್ರೈಮರ್ ಅಂತ ಬ್ಯಾರೇನ ಬರ್ತೈತಿ. ಜಿಐ ಪೈಪಿನ, ಅಂದ್ರ ಸತುವಿನ ಲೇಪ ಇರೋ ಕಬ್ಬಿಣದ ಪೈಪಿನ ಖುರ್ಚಿ ಇದ್ರೂ ಅಷ್ಟ, ಅದನ್ನ ಮ್ಯಾಗ್ನೆಟ್ ಹಿಡಿತೈತಿ ಖರೇ, ಆದ್ರ ಮ್ಯಾಲಿನ ಸತುವಿನ ಪದರಿನ ಮ್ಯಾಲೆ ಸಾದಾ ಎಣ್ಣಿ ಬಣ್ಣ ಭಾಳ ದಿನ ನಿಲ್ಲಂಗಿಲ್ಲ, ಅದಕ್ಕ ಅಂಗಡ್ಯಾಗ ಜಿಐ ಪ್ರೈಮರ್ ಅಂತ ಕೇಳಿ ತೊಗೋರಿ.

ತಯಾರಿ ಹಿಂಗ ಮಾಡಿದೆ. ಮದ್ಲ ಕಾಲಿನ ಬುಡದ ರಬ್ಬರ್ ಬೂಟ್ ಕಿತ್ತೆ. ಒಂದರಾಗ ನೀರು ಬಂತು, ಅದೂ ಕೆಂಪಗ, ಜಂಗಿನ ಚೂರು ಕೂಡಿ. ಪೈಪು ಒಳಗ ಟೊಳ್ಳು, ಮ್ಯಾಲೆ ಎಲ್ಲ್ಯೋ ವೆಲ್ಡಿಂಗಿನ್ಯಾಗ ಸೂಜಿ ಮೊನಿಯಷ್ಟ ತೂತಿದ್ರೂ ಮಳಿ ನೀರು ಇಳಿದು ಬಂದು ಈ ರಬ್ಬರಿನ್ಯಾಗ ಕುಂಡ್ರತೈತಿ, ಹೊರಗ ಹೋಗಾಕ ದಾರಿ ಇರಂಗಿಲ್ಲ, ಒಳಗಿಂದ ತಿಂದು ತಿಂದು ಒಂದಿನ ಕಾಲು ಕಟ್ಟಂತ ಮುರಿತೈತಿ. ಬೆರಳಿಂದ ಒತ್ತಿ ನೋಡಿದೆ, ಪೈಪು ಎಲ್ಲೂ ಒಳಗ ಹೋಗಲಿಲ್ಲ, ಗಟ್ಟಿ ಇತ್ತು. ಒಳಗ ಹೋಗಿದ್ರ ಬಣ್ಣದ ಕೆಲಸ ಅಲ್ಲ, ವೆಲ್ಡಿಂಗಿನವರ ಕೆಲಸ. ಪೈಪು ಬಿಸಲಿಗೆ ಬೋರಲ ಇಟ್ಟು ಪೂರಾ ಒಣಗಿಸಿದೆ, ರಬ್ಬರ್ ಬೂಟಿಗೆ ನೀರು ಇಳಿಯಾಕ ಅಂತ ಕಾಸಿದ ಮೊಳಿಲೆ ಸಣ್ಣ ತೂತು ಹಾಕಿದೆ. ಇಡೀ ಕೆಲಸದಾಗ ಇದೊಂದು ತೂತನ ಭಾಳ ಉಪಯೋಗದ್ದು ಅಂತ ನನ್ನ ಅಭಿಪ್ರಾಯ.

ಆಮ್ಯಾಲೆ ಎದ್ದ ಬಣ್ಣ, ಸಡಲ ಜಂಗು ಎಲ್ಲಾ ತಂತಿ ಬ್ರಶ್‌ಲೆ ತಿಕ್ಕಿದೆ, 80 ನಂಬರ್ ಪಾಲಿಶ್ ಪೇಪರ್ ಜಂಗಿಗೆ, 220 ನಂಬರ್ ಉಳದ ಗಟ್ಟಿ ಬಣ್ಣಕ್ಕ. ಗಟ್ಟಿ ಇರೋ ಹಳೇ ಬಣ್ಣ ಪೂರಾ ಕೀಳೋ ಜರೂರಿ ಇಲ್ಲ, ಹೊಳಪು ಹೋಗಿ ಕೈಗೆ ಸ್ವಲ್ಪ ಒರಟು ಹತ್ತಿದ್ರ ಸಾಕು. ಸಾಮಾನ ಭಾಳ ಹಳೇದಿದ್ರ ಮಾತ್ರ ಒಣಾ ತಿಕ್ಕಬ್ಯಾಡ್ರಿ, ನೀರು ಹಚ್ಚಿ ವಾಟರ್ ಪೇಪರ್‌ಲೆ ತಿಕ್ಕ್ರಿ. ಹಳೇ ಬಣ್ಣದ ಧೂಳಿನ್ಯಾಗ ಸೀಸದ ವಿಷ ಇರಬಹುದು. ಮನೆ ಬಣ್ಣದಾಗ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಾಗ 90 ಭಾಗ) ಮೀರಬಾರದು ಅನ್ನೋ ನಿಯಮ ನಮ್ಮ ದೇಶದಾಗ ಜಾರಿಗೆ ಬಂದಿದ್ದ 2017ರ ನವೆಂಬರಿನ್ಯಾಗ, ಅದಕ್ಕಿಂತ ಮದ್ಲಿನ ಬಣ್ಣದಾಗ ಎಷ್ಟೈತಿ ಅಂತ ಕಣ್ಣಿಗೆ ಕಾಣಂಗಿಲ್ಲ. ಸಣ್ಣ ಹುಡುಗುರನ್ನ ಆ ಹೊತ್ತಿನ್ಯಾಗ ಅಂಗಳಕ್ಕ ಬಿಡಲೇಬ್ಯಾಡ್ರಿ.

ತಿಕ್ಕಿದ ಮ್ಯಾಲೆ ಸೋಪಿನ ನೀರಿಲೆ ತೊಳದು, ಬೋರ್ ನೀರಿನ ಉಪ್ಪು ಉಳಿಬಾರದಂತ ಕಡಿಗೆ ನಳದ ನೀರು ಹಾಕಿ, ಕೂಡ್ಲೇ ಅರಿವಿಲೆ ಒರಸಿದೆ. ಕೆರದ ಕಬ್ಬಿಣ ಹಸೀನ ಬಿಟ್ರ ಮರದಿನ ಮುಂಜಾನೆ ಮತ್ತ ಕೆಂಪಾಗಿರ್ತೈತಿ, ಹಂಗಾಗಿ ಒಣಗಿದ ದಿನಾನ ಪ್ರೈಮರ್ ಬೀಳಬೇಕು. ಸುಭಾಸ ರೋಡಿನ ಅಂಗಡ್ಯಾಗ ಹುಡುಗ "ಅಕ್ಕಾರ, ಪ್ರೈಮರ್ ಸ್ಪ್ರೇನ್ಯಾಗೂ ಸಿಗ್ತೈತ್ರಿ, ಆದ್ರ ಸಂದಿಗೆ ಬ್ರಶ್‌ಲೆ ಹಚ್ಚ್ರಿ" ಅಂದ. ಛಲೋ ಮಾತು ಹೇಳಿದ. ರೆಡ್ ಆಕ್ಸೈಡ್ ತಂದು ವೆಲ್ಡಿಂಗ್ ಸಂದಿಗೆ, ತಳಕ್ಕ, ಕಾಲಿನ ತುದಿಗೆ ಸಣ್ಣ ಬ್ರಶ್‌ಲೆ ಒತ್ತಿ ಒತ್ತಿ ಹಚ್ಚಿದೆ, ಉಳದ ಕಡೆ ತೆಳ್ಳಗ.

ಸ್ಪ್ರೇ ಯಾವಾಗ ಹೊಡಿಬೇಕು ಅನ್ನೋದು ನಮ್ಮ ಕಡೆ ದೊಡ್ಡ ಪ್ರಶ್ನಿ. ಧಾರವಾಡದ ಜಿಟಿಜಿಟಿ ಮಳ್ಯಾಗ ಮಾತ ಬ್ಯಾಡ, ಹಸಿ ಗಾಳ್ಯಾಗ ಥಿನ್ನರ್ ಆರುವಾಗ ಮ್ಯಾಲ್ಮೈ ತಣ್ಣಗಾಗಿ ಆವಿ ಕುಂತು ಬಣ್ಣದ ಮ್ಯಾಲೆ ಬೆಳ್ಳನ ಮಬ್ಬು ಬರ್ತೈತಿ. ಏಪ್ರಿಲ್ ಮೇ ಮಧ್ಯಾಹ್ನ ಹೊಡದ್ರ ಕಾದ ಕಬ್ಬಿಣಕ್ಕ ತಾಗೋದ್ರಾಗ ಹನಿ ಒಣಗಿ ಉಸುಕು ಹತ್ತಿದಂಗ ಆಗ್ತೈತಿ. ಸಂಕ್ರಾಂತಿ ಆದ ಮ್ಯಾಲೆ ಶಿವರಾತ್ರಿ ಆಸುಪಾಸು ಮುಂಜಾನೆ ಒಂಬತ್ತು ಹತ್ತರ ಹೊತ್ತು, ಇಬ್ಬನಿ ಆರಿರ್ತೈತಿ, ಬಿಸಲು ಏರಿರಂಗಿಲ್ಲ, ನಾನು ನೆಳ್ಳಾಗ ಹೊಡದದ್ದು ಆವಾಗ. ಗದಗಿನ್ಯಾಗ ಇರೋ ನಮ್ಮ ತಂಗಿಗೂ ಹೇಳಿದೆ, ಕಪ್ಪತಗುಡ್ಡದ ಮ್ಯಾಲೆ ಗಾಳಿ ಗಿರಣಿ ತಿರುಗೋ ಊರಿನ ಕಡೆ ನೀನು ಬಯಲಾಗ ನಿಂತು ಹೊಡದ್ರ ಅರ್ಧ ಬಣ್ಣ ಮಂದಿ ಕಾರಿಗೆ ಹೋಗ್ತೈತಿ, ಮೂರೂ ಕಡೆ ಹಳೇ ಚಾದರ ಕಟ್ಟಿ ಹೊಡಿ ಅಂತ.

ಡಬ್ಬಿ ಒಳಗಿನ ಗೋಲಿ ಕಟಕಟ ಅನ್ನಾಕ ಹತ್ತಿದ ಮ್ಯಾಲೂ ಒಂದು ನಿಮಿಷ ಅಲ್ಲಾಡಿಸ್ರಿ. ಅಂತರ ಒಂದು ಗೇಣು. ಕೈ ಒಂದ ಕಡೆ ನಿಲ್ಲಬಾರದು, ಖುರ್ಚಿ ಅಂಚಿನ ಹೊರಗ ಒತ್ತಾಕ ಶುರು ಮಾಡಿ ಆ ಕಡೆ ಅಂಚು ದಾಟಿದ ಮ್ಯಾಲೆ ಬೆರಳು ಬಿಡಬೇಕು. ಮದ್ಲನೇ ಕೋಟ್ ನೋಡಿದ್ರ ಹಚ್ಚೇ ಇಲ್ಲೇನೋ ಅನ್ನಂಗ ಇರಬೇಕು, ಕೆಳಗಿನ ಪ್ರೈಮರ್ ಕಾಣ್ತಿರಬೇಕು, ಅದನ್ನ ನೋಡಿ ಇನ್ನೊಂದಿಷ್ಟು ಒತ್ತಿದ್ರ ಸಳಿ ಕೆಳಗ ಹನಿ ಇಳಿದು ಗೆರಿ ಬೀಳ್ತೈತಿ. ಮೂರು ತೆಳ್ಳನ ಕೋಟ್ ಒಂದು ದಪ್ಪನ ಕೋಟಿಗಿಂತ ಎಷ್ಟೋ ಮೇಲು. ನಡುವ ಎಷ್ಟೊತ್ತು ಬಿಡಬೇಕು ಅನ್ನೋದು ಡಬ್ಬಿ ಮ್ಯಾಲೆ ಬರದಿರ್ತೈತಿ, ಅದನ್ನ ಓದಿ ಮಾಡ್ರಿ, ಯಾಕಂದ್ರ ಕೆಲವು ಎನಾಮಲ್ (ಹೊಳಪಿನ ಗಟ್ಟಿ ಬಣ್ಣ) ಒಂದು ತಾಸಿನೊಳಗ ಹೊಡದ್ರ ನಡಿತೈತಿ, ಆ ಹೊತ್ತು ಮೀರಿದ್ರ ಒಂದೆರಡು ದಿನ ಕಾಯಬೇಕು, ನಡುವ ಹೊಡದ್ರ ಸುಕ್ಕು ಏಳ್ತೈತಿ. ಹಳೇ ಎಣ್ಣಿ ಬಣ್ಣ ಉಳಿಸಿದ್ರ ಸೀಟಿನ ತಳದಾಗ ಒಂದೀಟು ಹೊಡದು ಪರೀಕ್ಷಾ ಮಾಡ್ರಿ.

ನಾನು ಪ್ರತಿ ಖುರ್ಚಿಗೆ ಮದ್ಲ ತಳ, ಅದು ಒಣಗಿದ ಮ್ಯಾಲೆ ಎತ್ತಿ ನಿಲ್ಲಿಸಿ ಮ್ಯಾಲಿನ ಮೈ. ಸಳಿ ಸಳಿ ಖುರ್ಚಿಗೆ ಬಣ್ಣ ಭಾಳ ಕುಡಿತೈತಿ, ಸಂದಿಯಿಂದ ಅರ್ಧ ಆಚೆ ಹೋಗ್ತೈತಿ, 400 ಎಂಎಲ್ ಡಬ್ಬಿ ಒಂದು ಖುರ್ಚಿಗೆ ಸಾಲಲಿಲ್ಲ. ಟೇಬಲ್ ಸಪಾಟ ಇತ್ತು, ಅದಕ್ಕ ಸ್ಪ್ರೇ ಅಲ್ಲದ ಸಾದಾ ಡಬ್ಬಿದಾಗ ತೊಗೊಂಡ ಎನಾಮಲ್ ಬ್ರಶ್‌ಲೆ ಹಚ್ಚಿದ್ರ ಅಗ್ಗ ಬೀಳ್ತೈತಿ, ಖುರ್ಚಿ ಸಳಿಗೆ ಮಾತ್ರ ಸ್ಪ್ರೇನ ಚಂದ. ಹೊಡಿಯುವಾಗ ವಾಸನಿ ಹೀರೋ ಕಾರ್ಟ್ರಿಜ್ ಇರೋ ಮಾಸ್ಕ್ ಹಾಕೋರಿ, ಸಾದಾ ಎನ್95 ಬಣ್ಣದ ಹನಿ ತಡದ್ರೂ ಥಿನ್ನರ್ ವಾಸನಿ ತಡಿಯಂಗಿಲ್ಲ. ಹತ್ತಿರ ಒಲಿ, ಬೀಡಿ, ದೀಪ ಏನೂ ಇರಬಾರದು, ಡಬ್ಬ್ಯಾಗ ತುಂಬಿದ ಗ್ಯಾಸು ಭಗ್ಗಂತ ಹತ್ತಿಕೊಳ್ಳೋ ಜಾತಿದು.

ಮುಟ್ಟಿದ್ರ ಒಣಗಿದಂಗ ಕಂಡ್ರೂ ಒಂದು ವಾರ ಯಾರಿಗೂ ಕುಂಡ್ರಾಕ ಕೊಡಲಿಲ್ಲ. ಕಡಿಗೆ ರಬ್ಬರ್ ಬೂಟ್ ಹಾಕಿದೆ. ಕೆಲಸ ಮುಗಿದ ಮ್ಯಾಲೆ ಡಬ್ಬಿ ಬೋರಲ ಹಿಡಿದು ಬರೇ ಗ್ಯಾಸು ಬರೋ ತನಕ ಒತ್ತ್ರಿ, ನಳಗಿ ಕಟ್ಟಂಗಿಲ್ಲ, ಉಳದ ಬಣ್ಣ ಮುಂದ ಟಚಪ್ಪಿಗೆ ಬರ್ತೈತಿ. ಖಾಲಿ ಡಬ್ಬಿನ ಮಾತ್ರ ಹೋಳಿ ಹುಣ್ಣಿವಿಗೆ ಕಾಮಣ್ಣನ ಸುಡಾಕ ಹಳೇ ಸಾಮಾನ ಕೇಳಾಕ ಬರೋ ಹುಡುಗುರ ಕೈಗೆ ಸಿಗದಂಗ ಇಡ್ರಿ, ಖಾಲಿ ಆದ್ರೂ ಬೆಂಕ್ಯಾಗ ಬಿದ್ರ ಸಿಡಿತೈತಿ.