ಮಣ್ಣು ನೋಡಿದವರು ಮಂತ್ರಿಯಾದಾಗ

2009ರಲ್ಲಿ ಒಣಭೂಮಿಯ ಇಳುವರಿ ಹೆಚ್ಚಿಸಲು ಕರ್ನಾಟಕ ಸರ್ಕಾರದ ಭೂಚೇತನ ಯೋಜನೆ ಶುರುವಾದಾಗ ಚಳ್ಳಕೆರೆ ಕಡೆಯ ನಮ್ಮ ಹಳ್ಳಿಗೆ ನಾನು ರೈತ ಅನುವುಗಾರನಾಗಿ, ಅಂದರೆ ಊರಿನ ರೈತರಿಗೆ ಯೋಜನೆ ತಲುಪಿಸುವವನಾಗಿ ಸೇರಿದೆ. ಮೊದಲ ದಿನ ಮಣ್ಣಿನ ಮಾದರಿ ತೆಗೆಯಲು ಮನೆಯ ತಗಡಿನ ಬಕೆಟ್ ಹಿಡಿದು ಹೋಗಿದ್ದೆ. ಐದು ಹೊಲ ಮುಗಿಸಿದ ಮೇಲೆ, ತರಬೇತಿ ಕೊಟ್ಟಿದ್ದ ಮೇಷ್ಟ್ರು ಬಂದು ನೋಡಿ ಎಲ್ಲವನ್ನೂ ಚೆಲ್ಲಿಸಿದರು. ತಗಡಿನ ಬಕೆಟ್‌ಗೆ ಸತುವಿನ ಲೇಪ ಇರುತ್ತದೆ. ನಾವು ಮಣ್ಣಿನಲ್ಲಿ ಹುಡುಕುತ್ತಿದ್ದದ್ದೂ ಸತುವನ್ನೇ. ಬಕೆಟ್‌ನ ಸತು ಮಣ್ಣಿಗೆ ಸೇರಿದರೆ ವರದಿಯೇ ಸುಳ್ಳಾಗುತ್ತದೆ, ಅದನ್ನು ನಂಬಿದ ರೈತ ಕೆಡುತ್ತಾನೆ. ಮಾರನೇ ದಿನದಿಂದ ಪ್ಲಾಸ್ಟಿಕ್ ಪುಟ್ಟಿ ಹಿಡಿದೆ.

ಬದು, ಮರದ ಬುಡ, ತಿಪ್ಪೆ ಇದ್ದ ಜಾಗ ಬಿಡಬೇಕು. ಹೊಲದಲ್ಲಿ ಅಡ್ಡಾದಿಡ್ಡಿ ನಡೆಯುತ್ತಾ ಎಂಟು ಹತ್ತು ಕಡೆ ‘ವಿ’ ಆಕಾರದಲ್ಲಿ ಆರಿಂಚು ಗುಂಡಿ ತೆಗೆಯಬೇಕು. ಗುಂಡಿಯ ಪಕ್ಕದಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪಕ್ಕೆ ಮಣ್ಣು ಕೆರೆಯಬೇಕು. ಎಲ್ಲಾ ಕಲೆಸಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಸಾಡಬೇಕು. ಅರ್ಧ ಕೆಜಿ ಉಳಿಯುವವರೆಗೂ ಹೀಗೇ. ನೆರಳಲ್ಲಿ ಒಣಗಿಸಿ, ಚೀಟಿ ಹಾಕಿ, ಬಟ್ಟೆ ಚೀಲದಲ್ಲಿ ಕಟ್ಟಿ ಕಳಿಸುತ್ತಿದ್ದೆವು.

ಈ ಯೋಜನೆಯಲ್ಲಿ ನಮ್ಮ ಸರ್ಕಾರದ ಜೊತೆ ನಿಂತಿದ್ದು ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಹೀಗೆ ನಮ್ಮ ಒಣಭೂಮಿಯ ಬೆಳೆಗಳೇ ಅವರ ಕೆಲಸ. ಆಗ ಅದರ ಮಹಾನಿರ್ದೇಶಕರು ವಿಲಿಯಂ ದಾರ್. ಫಿಲಿಪ್ಪೀನ್ಸ್‌ನ ಇಲೊಕೋಸ್ ಸುರ್ ಪ್ರಾಂತ್ಯದವರು, ತೋಟಗಾರಿಕೆಯಲ್ಲಿ ಡಾಕ್ಟರೇಟ್ ಮಾಡಿದವರು. 2000ದಿಂದ 2014ರವರೆಗೆ ಪಟಾನ್‌ಚೆರುವಿನಲ್ಲಿ ಆ ಹುದ್ದೆಯಲ್ಲಿದ್ದರು. ನಾನು ಅವರನ್ನು ಕಂಡಿಲ್ಲ. ಆದರೆ ನಾನು ಕಟ್ಟಿದ ಮಣ್ಣಿನ ಚೀಲಕ್ಕೂ ಅವರ ಮೇಜಿಗೂ ಒಂದು ದಾರಿ ಇತ್ತು ಅಂತ ಇವತ್ತಿಗೂ ನನಗೆ ಹೆಮ್ಮೆ.

ವರದಿ ಬಂತು. ನಮ್ಮ ಕೆಂಪು ಮಣ್ಣಿನಲ್ಲಿ ಗಂಧಕ, ಸತು, ಬೋರಾನ್ ಮೂರೂ ಕಡಿಮೆ. ಊರಿನ ಗೋಡೆ ಮೇಲೆ ದೊಡ್ಡದಾಗಿ ಬರೆಸಿದೆವು. ರೈತ ಸಂಪರ್ಕ ಕೇಂದ್ರದಲ್ಲಿ ಆ ಕೊರತೆ ತುಂಬುವ ಜಿಪ್ಸಂ, ಜಿಂಕ್ ಸಲ್ಫೇಟ್, ಬೋರಾಕ್ಸ್ ರಿಯಾಯಿತಿ ದರಕ್ಕೆ ಸಿಕ್ಕಿತು. ಜನ ಸುಮ್ನೆ ನಂಬಲಿಲ್ಲ. ಯಾಕೆ ನಂಬಬೇಕು ಹೇಳಿ? ವಯಸ್ಸಾದ ಒಬ್ಬ ಅಜ್ಜ ಮಾತ್ರ ಅರ್ಧ ಹೊಲಕ್ಕೆ ಹಾಕಲು ಒಪ್ಪಿದರು.

ಶೇಂಗಾ ಕೀಳುವ ಹೊತ್ತಿಗೆ ಎರಡೂ ಕಡೆಯ ಗಿಡ ಕಿತ್ತು ಬದುವಿನ ಮೇಲೆ ಸಾಲಾಗಿ ಇಟ್ಟೆವು. ಹಾಕಿದ ಕಡೆ ಒಂದೊಂದು ಗಿಡಕ್ಕೆ 16-17 ಗಟ್ಟಿ ಕಾಯಿ. ಹಾಕದ ಕಡೆ ಹತ್ತು ದಾಟಲಿಲ್ಲ, ಅದರಲ್ಲೂ ಜೊಳ್ಳು ಜಾಸ್ತಿ. ಊರಿನವರು ಒಬ್ಬೊಬ್ಬರೇ ಬಂದು ಕಾಯಿ ಒಡೆದು ನೋಡಿದರು. ನಾಲ್ಕು ವರ್ಷದಲ್ಲಿ ಇಳುವರಿಯನ್ನು ಶೇ 20ರಷ್ಟು ಏರಿಸುವುದು ಯೋಜನೆಯ ಗುರಿ. ಆ ಅರ್ಧ ಹೊಲ ಅದನ್ನು ಒಂದೇ ಸಲಕ್ಕೆ ದಾಟಿತ್ತು.

ಅಜ್ಜ ಮಾರಿ ಬಂದ ಸಂಜೆ ನಾನು ಖುಷಿಯಿಂದ ಹೋದೆ. ಅವರು ಜಗಲಿ ಮೇಲೆ ಕೂತು ಹೇಳಿದರು: “ಕಾಯಿ ಚೆನ್ನಾಗ್ ಬಂತು ತಮ್ಮಾ. ರೇಟ್ ಬಿತ್ತಲ್ಲ, ಅದಕ್ಕೇನ್ ಹಾಕ್ಲಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದಾಗಿ ಎಷ್ಟೋ ವರ್ಷದ ಮೇಲೆ, 2019ರ ಆಗಸ್ಟ್‌ನಲ್ಲಿ, ವಿಲಿಯಂ ದಾರ್ ತಮ್ಮ ದೇಶದ ಕೃಷಿ ಮಂತ್ರಿಯಾದರು. 1998-99ರಲ್ಲೂ ಸ್ವಲ್ಪ ಕಾಲ ಆ ಹೊಣೆ ಹೊತ್ತಿದ್ದರು. ಈ ಸಲ ಹೊತ್ತ ಭಾರ ಬೇರೆಯೇ. ಅದೇ ವರ್ಷ ಫೆಬ್ರುವರಿಯಲ್ಲಿ ಅಲ್ಲಿ ಹೊಸ ಕಾನೂನು ಬಂದು, ಅಕ್ಕಿ ಆಮದಿಗಿದ್ದ ಮಿತಿ ತೆಗೆದು ಸುಂಕ ಮಾತ್ರ ಉಳಿಸಿದ್ದರು. ಹೊರಗಿನ ಅಕ್ಕಿ ಬಂತು, ಭತ್ತದ ರೇಟು ಕುಸಿಯಿತು. ಕಾನೂನು ಅವರು ಬರುವ ಮೊದಲೇ ಆಗಿದ್ದು, ಉತ್ತರ ಹೇಳಬೇಕಾದವರು ಅವರು. ನಮ್ಮೂರಿನ ಆ ಅಜ್ಜ ಕೇಳಿದ ಪ್ರಶ್ನೆಯೇ ಅಲ್ವಾ ಇದು? ಒಂದು ದೇಶದ ಭತ್ತದ ರೈತರೆಲ್ಲ ಒಟ್ಟಿಗೆ ಕೇಳಿದ ಹಾಗೆ.

ದಾರ್ ಕಾನೂನಿನ ಪರವಾಗಿಯೇ ನಿಂತರು. ಅದರಡಿ ಆರು ವರ್ಷ, ವರ್ಷಕ್ಕೆ 1,000 ಕೋಟಿ ಪೆಸೊ ಯಂತ್ರ, ಬೀಜ, ಸಾಲ, ತರಬೇತಿಗೆ ಮೀಸಲಿತ್ತು. ಸಣ್ಣ ರೈತರಿಗೆ ತಲಾ 5,000 ಪೆಸೊ ನಗದನ್ನೂ ಕೊಟ್ಟರು. 2021ರಲ್ಲಿ ಅಲ್ಲಿನ ಭತ್ತದ ಉತ್ಪಾದನೆ 1.99 ಕೋಟಿ ಟನ್ ದಾಟಿ ದಾಖಲೆಯಾಯಿತು. ಇಷ್ಟಾದರೂ ನನಗೆ ಅನ್ನಿಸುವುದು ಇದು: ಬೀಜ, ಯಂತ್ರದ ಫಲ ಕಾಣಲು ಒಂದೆರಡು ಹಂಗಾಮು ಬೇಕು. ಸಾಲ ಕೊಟ್ಟವನು ಅಷ್ಟು ದಿನ ಕಾಯುವುದಿಲ್ಲ. ರೇಟು ಬಿದ್ದ ಮೊದಲ ಸುಗ್ಗಿಯಲ್ಲೇ ರೈತನ ಕೈ ಹಿಡಿಯುವ ಏರ್ಪಾಡು ಕಾನೂನಿನ ಜೊತೆಗೇ ಇರಬೇಕಿತ್ತು.

ಆದರೆ ಅವರು ಇಲಾಖೆಗೆ ಇಟ್ಟ ಘೋಷಣೆ ನನ್ನನ್ನು ಹಿಡಿದು ನಿಲ್ಲಿಸಿತು. ಅದರ ಅರ್ಥ: ಹೇರಳ ಫಸಲು, ಹೆಚ್ಚಿನ ಆದಾಯ. ಜೀವನವಿಡೀ ಫಸಲಿನ ಲೆಕ್ಕದಲ್ಲಿ ಇದ್ದ ವಿಜ್ಞಾನಿ ಆದಾಯವನ್ನೂ ಅದೇ ಸಾಲಿನಲ್ಲಿ ಬರೆದರು.

ನಾನು ನನ್ನ ಮಟ್ಟಿಗೆ ಆ ಎರಡನೇ ಲೆಕ್ಕ ಶುರು ಮಾಡಿದ್ದು ಅಜ್ಜ ಕೇಳಿದ ಮಾರನೇ ವರ್ಷ. ಇಳುವರಿ ಬರೆಯುವ ನೋಟ್‌ಬುಕ್‌ನಲ್ಲೇ ಬೀಜ, ಗೊಬ್ಬರ, ಕೂಲಿ, ಗಾಡಿ ಬಾಡಿಗೆ, ಹಮಾಲಿ, ಮಾರಿದ ರೇಟು ಅಂತ ಗೆರೆ ಎಳೆದೆ. ಎರಡು ಸುಗ್ಗಿ ಬರೆದ ಮೇಲೆ ಒಂದು ವಿಷಯ ಎದ್ದು ಕಂಡಿತು. ಕಿತ್ತ ವಾರದಲ್ಲೇ ಹಸಿಹಸಿ ಕಾಯಿ ಒಯ್ದವರಿಗೆ ತೇವ ಜಾಸ್ತಿ ಅಂತ ರೇಟು ಮುರಿದಿದ್ದರು. ಚೆನ್ನಾಗಿ ಒಣಗಿಸಿದವರಿಗೆ ಅದೇ ಮಾರುಕಟ್ಟೆಯಲ್ಲಿ ಹೆಚ್ಚು ಸಿಕ್ಕಿತ್ತು. ಒಣಗಿದ ಕಾಯಿಗೆ ಬೂಷ್ಟೂ ಹಿಡಿಯುವುದಿಲ್ಲ. ಆಮೇಲೆ ಏಳು ಮನೆಯವರು ಸೇರಿ ಒಂದೇ ಲಾರಿ ಮಾಡಿದೆವು, ಬಾಡಿಗೆ ಹಂಚಿಹೋಯಿತು. ಮಾರುಕಟ್ಟೆ ರೇಟು ನಮ್ಮ ಕೈಯಲ್ಲಿ ಇರಲಿಲ್ಲ. ಆದರೆ ಅದರಲ್ಲಿ ನಮಗೆ ಮುರಿದುಕೊಳ್ಳುತ್ತಿದ್ದ ಪಾಲಾದರೂ ನಮ್ಮ ಕೈಯಲ್ಲೇ ಉಳಿಯಿತು.

ಅಜ್ಜ ಈಗಿಲ್ಲ. ಹೊಲ ಮಗ ಮಾಡುತ್ತಾನೆ. ಹೋದ ಸುಗ್ಗಿಯಲ್ಲಿ ಲಾರಿಗೆ ಹೇಳೋಣವಾ ಅಂತ ಕೇಳಲು ಅವನ ಕಣಕ್ಕೆ ಹೋದೆ. ಅವನು ಹಿಡಿ ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿದ. ಒಳಗೆ ಕಾಳು ಇನ್ನೂ ಗಲಗಲ ಅನ್ನುತ್ತಿರಲಿಲ್ಲ.

“ಇನ್ನೆರಡು ಬಿಸಿಲು ಬೇಕಣ್ಣ” ಅಂದ.