ಅಂಗಳದಲ್ಲಿ ಮೌಂಟನ್ ಆಶ್: ಬುಡ ತಂಪಾಗಿರಲಿ

ವಸಂತದ ಕೊನೆಗೆ ಬಿಳಿ ಹೂಗೊಂಚಲು, ಬೇಸಿಗೆ ಇಳಿಯುವಾಗ ಕಿತ್ತಳೆ-ಕೆಂಪು ಹಣ್ಣು, ಎಲೆ ಉದುರುವ ಮುನ್ನ ಮತ್ತೊಂದು ಬಣ್ಣ. ಅಂಗಳದ ಮರವೊಂದರಿಂದ ಇದಕ್ಕಿಂತ ಹೆಚ್ಚೇನೂ ಕೇಳಬೇಕಿಲ್ಲ. ಆದರೆ ಮೌಂಟನ್ ಆಶ್ ಚಳಿನಾಡಿನ ಮರ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟದ, ಬೇಸಿಗೆಯಲ್ಲಿ ರಾತ್ರಿಯೂ ಸೆಕೆಯಿರುವ ಊರಾದರೆ ಈ ಆಸೆ ಬಿಡುವುದೇ ಒಳ್ಳೆಯದು. ಸೆಕೆಗೆ ಬಳಲಿದ ಮರಕ್ಕೆ ಕಾಂಡಕೊರಕ ಹುಳು, ರೋಗ ಎಲ್ಲವೂ ಬೆನ್ನುಹತ್ತುತ್ತವೆ.

ಹೆಚ್ಚಾಗಿ ಸಿಗುವುದು ಯುರೋಪಿನ ಜಾತಿ, ಅಂದರೆ ರೋವನ್. 8ರಿಂದ 12 ಮೀಟರ್ ಬೆಳೆಯುತ್ತದೆ. ಅಮೆರಿಕದ ಜಾತಿ ಇದಕ್ಕಿಂತ ಗಿಡ್ಡ, ಚಳಿಗೆ ಇನ್ನೂ ಗಟ್ಟಿ. ಕಾಂಡಕೊರಕದ ಕಾಟವಿರುವ ಕಡೆ ಕೊರಿಯಾದ ಜಾತಿ ಮೇಲು. ಆದರೆ ಅದರ ಎಲೆ ಗರಿಯಂತೆ ಸೀಳಿರುವುದಿಲ್ಲ.

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಬೇಕು. ಮಣ್ಣು ತುಸು ಹುಳಿಯಾಗಿರಲಿ; ಸುಣ್ಣದ ಅಂಶ ಹೆಚ್ಚಾದರೆ ಎಲೆ ಹಳದಿಯಾಗುತ್ತದೆ. ಕಾಂಕ್ರೀಟು, ಡಾಂಬರಿನ ಪಕ್ಕ ಬೇಡ: ಅವುಗಳ ಕಾವು ಬೇರಿಗೆ ತಟ್ಟುತ್ತದೆ, ಉದುರಿದ ಹಣ್ಣು ನೆಲಕ್ಕೆ ಕಲೆ ಹಿಡಿಸುತ್ತದೆ.

ವಸಂತದ ಮೊದಲಲ್ಲಿ ನೆಡಿ. ಗುಂಡಿಯ ಅಗಲ ಬೇರಿನ ಮಣ್ಣುಂಡೆಯ ಎರಡು-ಮೂರು ಪಟ್ಟು, ಆಳ ಮಾತ್ರ ಉಂಡೆಯಷ್ಟೇ. ಕಾಂಡ ಅಗಲವಾಗಿ ಬೇರಿಗೆ ತಿರುಗುವ ಭಾಗ ನೆಲದ ಮೇಲೆ ಕಾಣಬೇಕು. ಅದನ್ನು ಹೂತರೆ ತೊಗಟೆ ಕೊಳೆಯುತ್ತದೆ. ಕುಂಡದಲ್ಲಿ ಸುತ್ತಿಕೊಂಡ ಬೇರುಗಳನ್ನು ಬಿಡಿಸಿ ಅಥವಾ ಕತ್ತರಿಸಿ. ತೆಗೆದ ಮಣ್ಣನ್ನೇ ಮರಳಿ ತುಂಬಿ, ಚೆನ್ನಾಗಿ ನೀರು ಹನಿಸಿ. ಮೇಲೆ 5ರಿಂದ 8 ಸೆಂ.ಮೀ. ದಪ್ಪ ಮರದ ಚಕ್ಕೆ ಅಥವಾ ತರಗೆಲೆ ಹರಡಿ, ಕಾಂಡದ ಸುತ್ತ ಒಂದು ಗೇಣು ಖಾಲಿ ಬಿಡಿ. ಈ ಹೊದಿಕೆಯನ್ನು ಎಂದೂ ಬರಿದಾಗಲು ಬಿಡಬೇಡಿ, ಬೇರಿನ ತಂಪು ಇರುವುದೇ ಅದರಲ್ಲಿ. ಮೊದಲ ಎರಡು ವರ್ಷ, ಬೆರಳುದ್ದ ಆಳದಲ್ಲಿ ಮಣ್ಣು ಒಣಗಿದ್ದರೆ ನೀರುಣಿಸಿ. ದಿನಾ ಚಿಮುಕಿಸುವುದಕ್ಕಿಂತ ವಾರಕ್ಕೊಮ್ಮೆ ಆಳಕ್ಕಿಳಿಯುವಂತೆ ಕೊಡುವುದು ಮೇಲು.

ಗೊಬ್ಬರದಲ್ಲಿ ಕೈ ಬಿಗಿಹಿಡಿಯಿರಿ. ಇದು ಸೇಬಿನ ಕುಟುಂಬದ ಮರ, ಸೇಬನ್ನು ಕಾಡುವ ಫೈರ್ ಬ್ಲೈಟ್ ಎಂಬ ಬ್ಯಾಕ್ಟೀರಿಯಾ ರೋಗ ಇದಕ್ಕೂ ಬರುತ್ತದೆ. ಸಾರಜನಕ ಹೆಚ್ಚಾಗಿ ಚಿಗುರು ಎಳಸಾದಷ್ಟೂ ಆ ಬ್ಯಾಕ್ಟೀರಿಯಾಕ್ಕೆ ಅನುಕೂಲ. ಬೆಚ್ಚನೆಯ, ತೇವದ ದಿನಗಳಲ್ಲಿ ಹೂವಿನ ಮೂಲಕ ಒಳಹೊಕ್ಕು, ಚಿಗುರು ಸುಟ್ಟಂತೆ ಕಪ್ಪಾಗಿ ತುದಿ ಕೊಕ್ಕೆಯಂತೆ ಬಾಗುತ್ತದೆ. ಇದಕ್ಕೆ ಮದ್ದಿಲ್ಲ. ಒಣ ಹವೆಯ ದಿನ, ಕಪ್ಪು ಕಾಣುವ ಜಾಗಕ್ಕಿಂತ 25–30 ಸೆಂ.ಮೀ. ಕೆಳಗೆ ಕತ್ತರಿಸಿ, ಪ್ರತಿ ಕಡಿತದ ನಂತರ ಕತ್ತರಿಯನ್ನು ಶೇ. 70ರ ಆಲ್ಕೋಹಾಲಿನಲ್ಲಿ ಅದ್ದಿ. ಕಡಿದದ್ದನ್ನು ಮರದಡಿ ಬಿಡಬೇಡಿ. ಮಾಮೂಲಿ ಸವರುವಿಕೆ ಚಳಿಗಾಲದ ಕೊನೆಗೆ, ಮೊಗ್ಗು ಒಡೆಯುವ ಮುನ್ನ.

ಎಳೆ ಮರದ ತೆಳು ತೊಗಟೆಯ ಕಡೆ ಹೆಚ್ಚು ಜನ ಗಮನ ಕೊಡುವುದಿಲ್ಲ. ಚಳಿಗಾಲದ ಮಧ್ಯಾಹ್ನ ಬಿಸಿಲಿಗೆ ಬೆಚ್ಚಗಾಗಿ ಎಚ್ಚೆತ್ತ ತೊಗಟೆ ರಾತ್ರಿ ಹೆಪ್ಪುಗಟ್ಟಿ ಸೀಳುತ್ತದೆ. ಶಿಲೀಂಧ್ರವೂ ಹುಳುವೂ ಆ ಸೀಳಿಗೇ ಬರುತ್ತವೆ. ಚಳಿ ಶುರುವಾಗುವ ಮುನ್ನ ಕಾಂಡಕ್ಕೆ ಬಿಳಿ ಪಟ್ಟಿ ಸುತ್ತಿ, ವಸಂತದಲ್ಲಿ ಬಿಚ್ಚಿಬಿಡಿ. ಬುಡದಲ್ಲಿ ಮರದ ಹೊಟ್ಟು ಕಂಡರೆ ಕಾಂಡಕೊರಕ ಒಳಗಿದೆ ಎಂದರ್ಥ; ತೂತಿಗೆ ತೆಳು ತಂತಿ ತೂರಿಸಿ ಮರಿಹುಳುವನ್ನು ಚುಚ್ಚಿ ಕೊಲ್ಲಬೇಕು.

ಹಣ್ಣು ಹಕ್ಕಿಗಳ ಪಾಲಿಗಿರಲಿ. ಹಸಿಯಾಗಿ ತಿಂದರೆ ಹೊಟ್ಟೆ ಕೆಡುತ್ತದೆ. ಬೀಜದಿಂದ ಬೆಳೆಸಬೇಕೆಂದರೆ ತಿರುಳು ತೊಳೆದು, ಒದ್ದೆ ಮರಳಿನಲ್ಲಿ ಫ್ರಿಜ್‌ನೊಳಗೆ ಮೂರು-ನಾಲ್ಕು ತಿಂಗಳಿಟ್ಟು ಬಿತ್ತಿ. ಕಸಿ ಗಿಡ ಕೊಂಡಿದ್ದರೆ ಕಸಿಯ ಕೆಳಗೆ ಏಳುವ ಚಿಗುರುಗಳನ್ನು ಕಂಡಕೂಡಲೇ ಮುರಿದುಹಾಕಿ.