ಒಂದೂಕಾಲು ಮೀಟರ್ ಮೀರಿದ ಗೇಟೋ: ನಾನು ರೇಡಿಯೊ ಸಬ್‌ಮೆರಿನ್ ಕಟ್ಟಿ ಓಡಿಸಿದ ಬಗೆ

ರೇಡಿಯೊ ಕಂಟ್ರೋಲ್ ಸಬ್‌ಮೆರಿನ್ ಕಟ್ಟಿದ್ದೇನೆ ಎಂದ ತಕ್ಷಣ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಆಳಕ್ಕೆ ಹೋಗುತ್ತದೆ? ಎಷ್ಟು ಸ್ಪೀಡ್? ಕಟ್ಟುವವರಿಗೆ ಇವೆರಡೂ ಆಮೇಲಿನ ಮಾತು. ನೀರಿನ ಮೇಲಿದ್ದಾಗ ನಿಜವಾದ ಸಬ್‌ಮೆರಿನ್ ಯಾವ ಗೆರೆಯವರೆಗೆ ಮುಳುಗಿರುತ್ತದೋ ಅಲ್ಲಿಗೇ ಮುಳುಗಿರಬೇಕು. ಒಳಗೆ ಹೋದಾಗ ಮೂತಿ ಎತ್ತದೆ, ಬಾಲ ಇಳಿಸದೆ ಸಮನಾಗಿ ನಿಲ್ಲಬೇಕು. ಬಾ ಅಂದಾಗ ಮೇಲೆ ಬರಬೇಕು. ಈ ಮೂರಕ್ಕೂ ಬೇಕಾದದ್ದು ಒಂದೇ ಲೆಕ್ಕ: ತೂಕ ಎಲ್ಲಿ ಕೂತಿದೆ, ತೇಲಿಸುವ ವಸ್ತು ಎಲ್ಲಿ ಕೂತಿದೆ. ಈ ಹವ್ಯಾಸದ ಖುಷಿಯ ಮುಕ್ಕಾಲು ಪಾಲು ನನಗೆ ಸಿಕ್ಕಿದ್ದು ಈ ಲೆಕ್ಕದಲ್ಲೇ.

ನಾನಿರುವುದು ಅಮೆರಿಕದ ಒಹಾಯೊದಲ್ಲಿ. ಕಟ್ಟಿದ್ದು ರೆವೆಲ್ ಕಂಪನಿಯ 1/72 ಅಳತೆಯ ಗೇಟೋ ಕಿಟ್. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕ ಈ ಬಗೆಯ 77 ಸಬ್‌ಮೆರಿನ್ ಕಟ್ಟಿತ್ತು. ನಿಜವಾದದ್ದು 95 ಮೀಟರ್ ಉದ್ದ, ಮಾದರಿ 1.32 ಮೀಟರ್. ಇದನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣ ಇತ್ತು. ಕ್ಲೀವ್‌ಲ್ಯಾಂಡ್‌ನಲ್ಲಿ ಯುಎಸ್‌ಎಸ್ ಕಾಡ್ ಎಂಬ ಅಸಲಿ ಗೇಟೋ ಮ್ಯೂಸಿಯಂ ಆಗಿ ನಿಂತಿದೆ. ಬೇರೆ ಕಡೆ ಪ್ರವಾಸಿಗರು ಇಳಿಯಲೆಂದು ಹೊಟ್ಟೆ ಕೊಯ್ದು ಬಾಗಿಲು, ಮೆಟ್ಟಿಲು ಮಾಡಿರುತ್ತಾರೆ. ಇಲ್ಲಿ ಹಾಗೆ ಮಾಡಿಲ್ಲ. ನಾವಿಕರು ಇಳಿಯುತ್ತಿದ್ದ ಏಣಿಯಲ್ಲೇ ಇಳಿಯಬೇಕು. ಕಟ್ಟುವವರು ಹತ್ತಿರದ ಮ್ಯೂಸಿಯಂಗೆ ಖಂಡಿತ ಹೋಗಬೇಕು. ಪಕ್ಕೆಯುದ್ದಕ್ಕೂ ಇರುವ ನೀರು ಹರಿಯುವ ಕಿಂಡಿಗಳು, ಮೂತಿಯ ಹತ್ತಿರದ ಮಡಚುವ ರೆಕ್ಕೆಗಳು, ಹಿಂದಿನ ಎರಡು ಪ್ರೊಪೆಲ್ಲರ್, ಇವು ಯಾಕೆ ಅಲ್ಲಿವೆ ಅನ್ನುವುದು ಎದುರಿಗೆ ನಿಂತಾಗ ತಲೆಗೆ ಹೋಗುತ್ತದೆ.

ಕಿಟ್ ಮೂಲತಃ ಶೋಕೇಸ್‌ನಲ್ಲಿಡುವ ಪ್ಲಾಸ್ಟಿಕ್ ಮಾದರಿ. ಓಡಿಸಬೇಕಾದರೆ ಒಳಗೆ ನೀರು ಹೋಗದ ಒಂದು ಪಾರದರ್ಶಕ ಸಿಲಿಂಡರ್ ಬೇಕು. ಮೋಟರ್, ಬ್ಯಾಟರಿ, ರಿಸೀವರ್, ನೀರಿನ ಟ್ಯಾಂಕ್ ಎಲ್ಲವೂ ಅದರಲ್ಲೇ. ಸಿಲಿಂಡರಿನ ಹೊರಗಿನ ಜಾಗ, ಅಂದರೆ ಪ್ಲಾಸ್ಟಿಕ್ ಮೈಯ ಒಳಗಿನ ಖಾಲಿ ಜಾಗವೆಲ್ಲ, ನೀರಿಗೆ ಬಿಟ್ಟದ್ದು. ನೀರು ಬರಲಿ, ಹೋಗಲಿ. ಇದು ಮುಖ್ಯ ಮಾತು. ಅಸಲಿ ಗೇಟೋ ಮೇಲಿದ್ದಾಗ 1,525 ಟನ್, ಮುಳುಗಿದಾಗ 2,424 ಟನ್. ಇದನ್ನೇ 1/72ಕ್ಕೆ ಇಳಿಸಿದರೆ (ಉದ್ದ, ಅಗಲ, ಎತ್ತರ ಮೂರೂ ಇಳಿಯುವುದರಿಂದ 72ರಿಂದ ಮೂರು ಸಲ ಭಾಗಿಸಬೇಕು) ಸುಮಾರು 4.15 ಕೆ.ಜಿ. ಮತ್ತು 6.6 ಕೆ.ಜಿ. ಹಾಗಾದರೆ ಎರಡೂವರೆ ಲೀಟರ್ ಟ್ಯಾಂಕ್ ಬೇಕಲ್ವಾ ಅನ್ನಿಸುತ್ತದೆ. ಬೇಡ. ಮೈಯೊಳಗೆ ನೀರು ತಾನಾಗಿ ತುಂಬಿಕೊಳ್ಳುವುದರಿಂದ, ನೀರಿನ ಗೆರೆಯ ಮೇಲಿರುವ ಗಟ್ಟಿ ವಸ್ತುವಿನ ಗಾತ್ರಕ್ಕೆ ಸಮನಾದಷ್ಟು ನೀರನ್ನು ಟ್ಯಾಂಕ್ ಕುಡಿದರೆ ಸಾಕು.

ಆ ಗಾತ್ರ ಅಳೆಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ಸಾಕಾಯಿತು. ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಅದರ ಸಾಂದ್ರತೆ 1.05ರ ಆಸುಪಾಸು, ಹೆಚ್ಚುಕಡಿಮೆ ನೀರಿನಷ್ಟೇ. ಹಾಗಾಗಿ ಗೆರೆಯ ಮೇಲೆ ಬರುವ ಡೆಕ್, ಅದರ ಮೇಲೆ ಎದ್ದು ನಿಲ್ಲುವ ಗೋಪುರ, ಕಂಬಿ, ಪಕ್ಕೆಯ ಮೇಲ್ಭಾಗ ಎಲ್ಲವನ್ನೂ ತೂಗಿದರೆ ಎಷ್ಟು ಗ್ರಾಂ ಬರುತ್ತದೋ ಹೆಚ್ಚುಕಡಿಮೆ ಅಷ್ಟೇ ಮಿಲಿಲೀಟರ್. ನನಗೆ ಬಂದದ್ದು ಅರ್ಧ ಲೀಟರಿನ ಹತ್ತಿರ. ಹಿತ್ತಾಳೆಯ ಚೂರುಗಳ ತೂಕವನ್ನು ಎಂಟೂವರೆಯಿಂದ ಭಾಗಿಸಿದೆ. ಇದರ ಮೇಲೆ ಸ್ವಲ್ಪ ಜಾಸ್ತಿ ಸೇರಿಸಿ ಟ್ಯಾಂಕ್ ಗಾತ್ರ ಗೊತ್ತು ಮಾಡಿಕೊಂಡೆ. ಇದರಿಂದ ಇನ್ನೂ ಒಂದು ವಿಷಯ ಹೊಳೆಯುತ್ತದೆ: ಗೆರೆಯ ಮೇಲಿನ ಭಾಗ ಎಷ್ಟು ತೆಳುವೋ ಅಷ್ಟು ಒಳ್ಳೆಯದು. ಡೆಕ್ ಗಟ್ಟಿಯಾಗಲಿ ಎಂದು ಒಳಗಿನಿಂದ ದಪ್ಪ ಪಟ್ಟಿ ಅಂಟಿಸಿದರೆ, ಅಷ್ಟೂ ಟ್ಯಾಂಕಿನ ಮೇಲೆ ಬೀಳುವ ಸಾಲ.

ಪಕ್ಕೆಯ ಕಿಂಡಿಗಳನ್ನು ಒಂದೊಂದಾಗಿ ಕೊರೆದು ತೆರೆದೆ. ಬೇಜಾರಿನ ಕೆಲಸ, ಬಿಡುವಂತಿಲ್ಲ. ಗಾಳಿ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಡೆಕ್ಕಿನ ಅಡಿ ಗುಳ್ಳೆ ಕೂರುತ್ತದೆ. ಒಂದು ಸಲ ಮೂತಿಯಲ್ಲಿ, ಇನ್ನೊಂದು ಸಲ ಬಾಲದಲ್ಲಿ. ಆಗ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಹೊರಗೆ ಕಾಣದಂತೆ ಗೋಪುರದ ತುದಿಯಲ್ಲಿ, ಡೆಕ್ಕಿನ ಎತ್ತರದ ಜಾಗಗಳಲ್ಲಿ ಸಣ್ಣ ತೂತು ಹಾಕಿದ್ದೇನೆ. ಒಳಮೈಗೆ ಪಾತ್ರೆ ತೊಳೆಯುವ ಸೋಪಿನ ನೀರು ಸವರಿದರೆ ಗುಳ್ಳೆ ಅಂಟಿಕೊಳ್ಳದೆ ಜಾರಿ ಹೋಗುತ್ತದೆ.

ಟ್ಯಾಂಕಿಗೆ ಹಲವು ದಾರಿಗಳಿವೆ. ಜರ್ಮನಿಯ ಎಂಗೆಲ್ ಕಂಪನಿಯ ಕಿಟ್‌ಗಳಲ್ಲಿ ಪಿಸ್ಟನ್ ಟ್ಯಾಂಕ್ ಇರುತ್ತದೆ. ದೊಡ್ಡ ಸಿರಿಂಜಿನ ಹಾಗೆ ಮೋಟರ್ ಪಿಸ್ಟನ್ನನ್ನು ಎಳೆದು ನೀರು ತುಂಬುತ್ತದೆ. ಬೇಕಾದಷ್ಟೇ ತುಂಬಿ ನಿಲ್ಲಿಸಬಹುದು, ನಡುನೀರಲ್ಲಿ ನಿಲ್ಲಿಸುವ ಆಸೆ ಇದ್ದವರಿಗೆ ಇದೇ ಸರಿ. ನಾನು ಆರಿಸಿದ್ದು ಗಾಳಿಯ ದಾರಿ. ಟ್ಯಾಂಕಿನ ಅಡಿ ತೆರೆದೇ ಇರುತ್ತದೆ. ಮೇಲಿನ ವಾಲ್ವನ್ನು ಸರ್ವೋ (ರೇಡಿಯೊ ಮಾತು ಕೇಳಿ ತಿರುಗುವ ಪುಟ್ಟ ಮೋಟರ್) ತೆರೆದರೆ ಗಾಳಿ ಹೊರಗೆ, ನೀರು ಒಳಗೆ. ಮೇಲೆ ಬರುವಾಗ ಚಿಕ್ಕ ಪಂಪ್ ಮೊದಲು ಸಿಲಿಂಡರಿನ ಒಳಗಿನ ಗಾಳಿಯನ್ನೇ ಟ್ಯಾಂಕಿಗೆ ತಳ್ಳುತ್ತದೆ. ಗೋಪುರದ ತುದಿ ನೀರಿನಿಂದ ಹೊರಗೆ ಬಂದ ಕೂಡಲೇ ಅಲ್ಲಿನ ಬೆಂಡಿನ ವಾಲ್ವ್ ತೆರೆದುಕೊಂಡು ಹೊರಗಿನ ಗಾಳಿ ಎಳೆಯುತ್ತದೆ. ತುರ್ತಿಗೆ ಪುಟ್ಟ ಗ್ಯಾಸ್ ಬಾಟಲಿಯೂ ಇದೆ. ಅಸಲಿ ಗೇಟೋ ಮಾಡುತ್ತಿದ್ದುದೂ ಇದನ್ನೇ: ಹೆಚ್ಚಿನ ಒತ್ತಡದ ಗಾಳಿಯಿಂದ ಮೇಲಕ್ಕೆ ಬಂದು, ಉಳಿದ ನೀರನ್ನು ಬ್ಲೋವರ್‌ನಿಂದ ನಿಧಾನವಾಗಿ ಹೊರಗೆ ತಳ್ಳುವುದು.

ಸಿಲಿಂಡರಿನ ಎರಡೂ ಮುಚ್ಚಳಕ್ಕೆ ಓ-ರಿಂಗ್ ಎಂಬ ರಬ್ಬರ್ ಬಳೆ, ಅದಕ್ಕೆ ಸಿಲಿಕೋನ್ ಗ್ರೀಸ್. ಮುಚ್ಚಳ ಒತ್ತುವಾಗ ಒಳಗಿನ ಗಾಳಿಗೆ ಹೋಗಲು ಜಾಗವಿಲ್ಲದೆ ಒತ್ತಡ ಏರುತ್ತದೆ, ಮುಚ್ಚಳ ಹಿಂದಕ್ಕೆ ಬರುತ್ತದೆ. ಅದಕ್ಕೇ ಒಂದು ಚಿಕ್ಕ ಸ್ಕ್ರೂ ಇಟ್ಟಿದ್ದೇನೆ. ಅದನ್ನು ಸಡಿಲಿಸಿ ಮುಚ್ಚಳ ಕೂರಿಸಿ, ಆಮೇಲೆ ಬಿಗಿ ಮಾಡುವುದು. ಅದೇ ತೂತಿನಿಂದ ಬಾಯಲ್ಲಿ ಸ್ವಲ್ಪ ಗಾಳಿ ಊದಿ ಟಬ್ಬಿನಲ್ಲಿ ಮುಳುಗಿಸಿದರೆ ಸೋರಿಕೆ ಎಲ್ಲಿದೆ ಅಂತ ಗುಳ್ಳೆಯೇ ತೋರಿಸುತ್ತದೆ. ಹೆಚ್ಚಿನ ಸಲ ಅದು ಬರುವುದು ಪ್ರೊಪೆಲ್ಲರ್ ಶಾಫ್ಟಿನಿಂದಲ್ಲ, ಚುಕ್ಕಾಣಿ ಎಳೆಯುವ ಸಣ್ಣ ಕಡ್ಡಿಯ ಸೀಲಿನಿಂದ. ನೀರಿಗಿಳಿಸುವ ಪ್ರತಿ ದಿನವೂ ಈ ಪರೀಕ್ಷೆ ಮಾಡುತ್ತೇನೆ. ಬ್ಯಾಟರಿ ಚಾರ್ಜ್ ಮಾಡುವಾಗ ಮುಚ್ಚಳ ತೆಗೆದೇ ಇರಬೇಕು. ಲೆಡ್ ಆಸಿಡ್ ಬ್ಯಾಟರಿ ಹೈಡ್ರೋಜನ್ ಬಿಡಬಹುದು, ಮುಚ್ಚಿದ ಸಿಲಿಂಡರಿನಲ್ಲಿ ಅದು ಸ್ಫೋಟಕ್ಕೆ ಸಮ. ಈ ವಿಷಯದಲ್ಲಿ ಯಾರಿಗೂ ರಿಯಾಯಿತಿ ಇಲ್ಲ.

ಈಗ ಟಬ್ಬಿನ ಕೆಲಸ. ಇದನ್ನು ಅವಸರವಿಲ್ಲದೆ ಮಾಡಿ. ಮೊದಲು ಟ್ಯಾಂಕ್ ತುಂಬಿಸಿ, ಮುಳುಗಿದ ಸ್ಥಿತಿ ಸರಿ ಮಾಡಬೇಕು. ಸೀಸದ ತುಂಡುಗಳನ್ನು ಆದಷ್ಟು ಕೆಳಗೆ, ತಳಕ್ಕೆ ಅಂಟಿಕೊಂಡಂತೆ ಇಡುತ್ತೇನೆ. ಕಟ್ಟಡಗಳಿಗೆ ಹಾಕುವ ಗಟ್ಟಿ ಫೋಮ್ ಹಾಳೆ ಇಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ, ಅದನ್ನು ಪಟ್ಟಿಗಳಾಗಿ ಕೊಯ್ದು ಒಳಗೆ ಸೇರಿಸುತ್ತೇನೆ. ನಮ್ಮ ಕಡೆಯ ಕಾಳು ಕಾಳಿನ ಥರ್ಮೋಕೋಲ್ ಬೇಡ, ನಿಧಾನಕ್ಕೆ ನೀರು ಕುಡಿಯುತ್ತದೆ. ಟ್ಯಾಂಕ್ ಪೂರ್ತಿ ತುಂಬಿದಾಗಲೂ ಗೋಪುರದ ತುದಿ ಒಂದು ಚೂರು ಹೊರಗೆ ಕಾಣಬೇಕು. ಅಂದರೆ ಮೋಟರ್ ನಿಂತರೂ ತಾನಾಗಿ ಮೇಲೆ ಬರುವಷ್ಟು ಕೆಲವು ಗ್ರಾಂ ಬಾಕಿ ಇರಲಿ.

ಆಮೇಲೆ ಟ್ಯಾಂಕ್ ಖಾಲಿ ಮಾಡಿ ಗೆರೆ ನೋಡುವುದು. ಜಾಸ್ತಿ ಎತ್ತರಕ್ಕೆ ತೇಲಿತು ಅಂದುಕೊಳ್ಳಿ. ಸುಮ್ನೆ ಸೀಸ ಸೇರಿಸಲು ಹೋಗಬೇಡಿ. ಸೇರಿಸಿದರೆ ಈಗಷ್ಟೇ ಕೂಡಿಬಂದ ಮುಳುಗಿದ ಲೆಕ್ಕ ಕೆಡುತ್ತದೆ. ಗೆರೆಯ ಕೆಳಗಿರುವ ಫೋಮಿನಲ್ಲಿ ಒಂದು ಪಟ್ಟಿ ತೆಗೆದು ಗೆರೆಯ ಮೇಲೆ ಅಂಟಿಸಿ. ಮೇಲೆ ಹೋದ ಫೋಮ್ ತೇಲುವಾಗ ಎತ್ತುವುದಿಲ್ಲ, ಮುಳುಗಿದಾಗ ಮೊದಲಿನಷ್ಟೇ ಎತ್ತುತ್ತದೆ. ತುಂಬಾ ಕೆಳಗೆ ತೇಲಿದರೆ ಮೇಲಿನದನ್ನು ಕೆಳಕ್ಕೆ ತನ್ನಿ. ಮುಳುಗಿದ ಲೆಕ್ಕ ಎರಡರಲ್ಲೂ ಹಾಗೇ ಉಳಿಯುತ್ತದೆ. ಈ ಒಂದು ಮಾತು ಅರ್ಥವಾದರೆ ಸಬ್‌ಮೆರಿನ್ ಕಟ್ಟುವುದು ಅರ್ಥವಾದಂತೆ. ಫೋಮ್ ಮೇಲೆ, ಸೀಸ ಕೆಳಗೆ ಇದ್ದಷ್ಟೂ ಒಳಗೆ ಹೋದಾಗ ಪಕ್ಕಕ್ಕೆ ವಾಲುವ ಭಯವಿಲ್ಲ. ಟ್ಯಾಂಕ್ ನಡುವಿನಲ್ಲಿರಬೇಕು. ಇಲ್ಲದಿದ್ದರೆ ನೀರು ತುಂಬುತ್ತಾ ಹೋದಂತೆ ಒಂದು ತುದಿ ಮೊದಲು ಇಳಿಯುತ್ತದೆ.

ರೇಡಿಯೊ ವಿಷಯದಲ್ಲಿ ಹೊಸದೇ ಒಳ್ಳೆಯದು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಈಗಿನ ರಿಮೋಟ್‌ಗಳೆಲ್ಲ 2.4 ಗಿಗಾಹರ್ಟ್ಸ್. ಆಂಟೆನಾ ನೀರಿನೊಳಗೆ ಹೋಯಿತೆಂದರೆ ಆ ಅಲೆಯನ್ನು ನೀರೇ ನುಂಗುತ್ತದೆ. ಕಡಿಮೆ ಮೆಗಾಹರ್ಟ್ಸ್‌ನ ಹಳೆಯ ಸೆಟ್‌ಗಳು ಸಿಹಿನೀರಿನಲ್ಲಿ ಕೆಲವು ಮೀಟರ್ ಆಳದವರೆಗೂ ಮುಟ್ಟುತ್ತವೆ. ಅಮೆರಿಕದಲ್ಲಿ ದೋಣಿ, ಕಾರುಗಳಿಗೆ ಕೊಟ್ಟಿರುವುದು 75 ಮೆಗಾಹರ್ಟ್ಸ್. ಜರ್ಮನಿಯಲ್ಲಿ 40 ಬಳಸುತ್ತಾರೆ. ನಾನು ಹಳೆಯ 75ರ ಸೆಟ್ ಕೊಂಡುಕೊಂಡೆ. ಆಂಟೆನಾ ತಂತಿಯನ್ನು ಸಿಲಿಂಡರಿನಿಂದ ಹೊರಗೆ ತಂದು ಡೆಕ್ಕಿನ ಅಡಿ ಉದ್ದಕ್ಕೆ ಚಾಚಿದ್ದೇನೆ. ತಂತಿಯ ತುದಿಯನ್ನು ಅಂಟು ಹಾಕಿ ಮುಚ್ಚಬೇಕು. ತಾಮ್ರ ನೀರಿಗೆ ತಾಗಿದರೆ ಸಿಗ್ನಲ್ ದೂರ ಹೋಗುವುದಿಲ್ಲ. ಸಮುದ್ರದ ಉಪ್ಪುನೀರಿನಲ್ಲಿ ಇದ್ಯಾವುದೂ ನಡೆಯುವುದಿಲ್ಲ. ಕ್ಲೋರಿನ್ ಬದಲು ಉಪ್ಪು ಹಾಕುವ ಈಜುಕೊಳದಲ್ಲೂ ದೂರ ತುಂಬಾ ಕಮ್ಮಿಯಾಗುತ್ತದೆ, ಮೊದಲೇ ಕೇಳಿಕೊಳ್ಳಿ.

ಸಿಗ್ನಲ್ ತಪ್ಪಿದರೆ, ಬ್ಯಾಟರಿ ಇಳಿದರೆ ತಾನಾಗಿ ಟ್ಯಾಂಕ್ ಖಾಲಿ ಮಾಡುವ ಸರ್ಕ್ಯೂಟ್ ಬೇಕೇ ಬೇಕು. ದಂಡೆಯ ಮೇಲೆ ಟ್ರಾನ್ಸ್‌ಮಿಟರ್ ಆಫ್ ಮಾಡಿ, ಪಂಪ್ ಓಡುವ ಸದ್ದು ಕೇಳಿದ ಮೇಲೆಯೇ ನೀರಿಗೆ ಬಿಡುತ್ತೇನೆ. ಇನ್ನೊಂದು ಪುಟ್ಟ ಸಾಧನ ಹಿಂದಿನ ರೆಕ್ಕೆಗಳನ್ನು ನೋಡಿಕೊಳ್ಳುತ್ತದೆ. ಮಾದರಿ ಮೂತಿ ಬಗ್ಗಿಸಿದರೆ ಇದು ರೆಕ್ಕೆಯ ಹಿಂದಿನ ಅಂಚನ್ನು ಮೇಲಕ್ಕೆತ್ತಿ ಸಮ ಮಾಡುತ್ತದೆ. ದಿಕ್ಕು ಸರಿ ಇದೆಯೇ ಎಂದು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಇದು ಇದ್ದರೆ ಹಿಂದಿನ ರೆಕ್ಕೆಯ ಚಿಂತೆ ಬಿಟ್ಟು ಮುಂದಿನ ರೆಕ್ಕೆಯಿಂದ ಆಳ ನೋಡಿಕೊಂಡು ಓಡಿಸಬಹುದು.

ಸ್ಪೀಡಿಗೂ ಒಂದು ಲೆಕ್ಕವಿದೆ. ಅಸಲಿ ಗೇಟೋ ಮೇಲ್ಮೈಯಲ್ಲಿ 21 ನಾಟ್, ಅಂದರೆ ಗಂಟೆಗೆ ಸುಮಾರು 39 ಕಿಲೋಮೀಟರ್ ಓಡುತ್ತಿತ್ತು. ಅಲೆ ಅಸಲಿಯಂತೆ ಕಾಣಬೇಕಾದರೆ 72ರ ವರ್ಗಮೂಲದಿಂದ ಭಾಗಿಸಬೇಕು. ಗಂಟೆಗೆ ನಾಲ್ಕೂವರೆ ಕಿಲೋಮೀಟರ್ ಬರುತ್ತದೆ. ದಂಡೆಯ ಮೇಲೆ ನಡೆಯುತ್ತಾ ಜೊತೆಗೆ ಹೋಗಬಹುದು. ಅದಕ್ಕಿಂತ ಜೋರಾಗಿ ಓಡಿಸಿದರೆ ಆಟಿಕೆಯಂತೆ ಕಾಣುತ್ತದೆ. ಆ ವೇಗದಲ್ಲಿ ಮೂತಿಯ ಮುಂದೆ ಏಳುವ ಅಲೆ, ವಾಲ್ವ್ ತೆರೆದಾಗ ಗೋಪುರದ ಸುತ್ತ ಚಿಮ್ಮುವ ನೀರು, ಪಕ್ಕೆಯ ಕಿಂಡಿಗಳೆಲ್ಲ ಒಂದೊಂದಾಗಿ ಒಳಗೆ ಹೋಗುವುದು: ಇದನ್ನು ನೋಡುವುದಕ್ಕೇ ಇಷ್ಟೆಲ್ಲ. ಹೊಸ ಕೆರೆಯಾದರೆ ಗೋಪುರಕ್ಕೆ ನೂಲು ಕಟ್ಟಿ ತುದಿಗೆ ಬೆಂಡು ಹಾಕುತ್ತೇನೆ, ತಳದ ಕಳೆಗೆ ಸಿಕ್ಕಿಕೊಂಡರೂ ಎಲ್ಲಿದೆ ಎಂದು ಗೊತ್ತಾಗುತ್ತದೆ. ನೂಲು ಪ್ರೊಪೆಲ್ಲರಿಗೆ ಸಿಗದಂತೆ ಗೋಪುರದ ಮುಂಭಾಗಕ್ಕೆ ಕಟ್ಟಿ.

ಊರಿನಲ್ಲಿ ಮಾಡಬಹುದೇ ಎಂದು ಮೈಸೂರಿನ ಗೆಳೆಯರು ಕೇಳುತ್ತಿರುತ್ತಾರೆ. ಖಂಡಿತ ಮಾಡಬಹುದು. ಭಾರತದಲ್ಲಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ ಕಡಿಮೆ ಶಕ್ತಿಯ ಸೆಟ್‌ಗಳಿಗೆ ಲೈಸೆನ್ಸ್ ಬೇಕಿಲ್ಲ. 27 ಮೆಗಾಹರ್ಟ್ಸ್ ಸಬ್‌ಮೆರಿನ್‌ಗೆ ಒಳ್ಳೆಯದೇ. ಸೆಟ್ ಹೊರಗಿನಿಂದ ತರಿಸುವುದಾದರೆ ಕಸ್ಟಮ್ಸ್ ನಿಯಮ ವಿಚಾರಿಸಿಕೊಳ್ಳಿ. ಕದಡಿದ ಕೆರೆಗಿಂತ ತಿಳಿನೀರಿನ ಈಜುಕೊಳ ವಾಸಿ. ಎದುರಿಗೆ ನಿಂತು ನೋಡಲು ವಿಶಾಖಪಟ್ಟಣದ ಕಡಲತೀರದಲ್ಲಿ ಐಎನ್‌ಎಸ್ ಕುರ್ಸುರಾ ಇದೆ, 2002ರಿಂದ ಮ್ಯೂಸಿಯಂ. 91 ಮೀಟರ್ ಉದ್ದದ, ಫಾಕ್ಸ್‌ಟ್ರಾಟ್ ಎಂಬ ಬಗೆಯ ಸೋವಿಯತ್ ಸಬ್‌ಮೆರಿನ್ ಅದು. 1/72ರಲ್ಲಿ ನನ್ನ ಗೇಟೋಗಿಂತ ಐದಾರು ಸೆಂಟಿಮೀಟರ್ ಚಿಕ್ಕದಾಗುತ್ತದೆ, ಅಷ್ಟೇ. ಯಾರಾದರೂ ಅದನ್ನು ಕಟ್ಟುವುದಾದರೆ ತೂಕದ ಲೆಕ್ಕದಲ್ಲಿ ಜೊತೆಗೆ ಕೂರಲು ನಾನು ಸಿದ್ಧ.